ಕಡಲ ಮೇಲೊಂದು ಮನೆಯೂಟ
(ಬಾನುಲಿ ಭಾಷಣ)

'ಮನೆಯೂಟ' ಎಂಬ ಮಾತು ಮನೆಯಲ್ಲಿ ಹುಟ್ಟಿದ್ದಲ್ಲ. ಮನೆಯಲ್ಲಿರುವವನು ಅದನ್ನು ಊಟವೆಂದಷ್ಟೇ ಕರೆಯುತ್ತಾನೆ. ಅದಕ್ಕೊಂದು ವಿಶೇಷಣ ಹಚ್ಚುವ ಅಗತ್ಯ ಅವನಿಗೆ ಬೀಳುವುದಿಲ್ಲ. ಹಸಿವಾದಾಗ ಗಂಗಾಳದ ಮುಂದೆ ಕೂಡುತ್ತಾನೆ, ಉಪ್ಪು ತುಸು ಹೆಚ್ಚಾದರೆ ಗೊಣಗುತ್ತಾನೆ, ಕೈ ತೊಳೆದು ಎದ್ದು ಹೋಗುತ್ತಾನೆ. ಅದೇ ಮನುಷ್ಯ ಊರು ಬಿಟ್ಟು ಪರಸ್ಥಳದಲ್ಲಿ ಒಂದು ವಾರ ನಿಂತನೆನ್ನಿ, ಆಗ ಅವನ ಬಾಯಿಂದ 'ಮನೆಯೂಟ' ಎಂಬ ಮಾತು ನಿಟ್ಟುಸಿರಿನೊಡನೆ ಹೊರಡುತ್ತದೆ. ಆದುದರಿಂದ ಈ ಮಾತು ಎಲ್ಲಿ ಹೆಚ್ಚಾಗಿ ಕೇಳಿಬರುತ್ತದೋ, ಎಲ್ಲಿ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಡುತ್ತದೋ, ಅಲ್ಲಿ ಮನೆಯಿಂದ ದೂರವಾದವರು ಹೆಚ್ಚಾಗಿದ್ದಾರೆಂದು ತಿಳಿಯಬೇಕು.

ಹೀಗೆ ಮನೆಯೂಟದ ಹೆಸರು ಬರೆಯಿಸಿಕೊಂಡಿರುವ ಎರಡು ಸ್ಥಳಗಳ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಒಂದು, ಲೋಕದ ಸಿರಿವಂತರು ವಿಹಾರಕ್ಕೆಂದು ಏರುವ ದೊಡ್ಡ ದೊಡ್ಡ ಹಡಗುಗಳ ರಾತ್ರಿಯೂಟದ ಪಟ್ಟಿ. ಇನ್ನೊಂದು, ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಖಾನಾವಳಿ. ಇವೆರಡಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ನೀವು ನಗಬಹುದು. ನಮ್ಮ ಭಾಗದವರಿಗೆ ಕೃಷ್ಣೆ, ಭೀಮೆಯರೇ ಸಮುದ್ರ. ತಿಂಥಣಿಯ ಹೊಳೆಯಲ್ಲಿ ಪ್ರವಾಹ ಬಂದಾಗ ಕಂಡ ನೀರೇ ನಮ್ಮ ಪಾಲಿನ ಸಾಗರ. ಆದರೆ ಹಸಿವು ಭೂಗೋಳವನ್ನು ಓದಿಕೊಂಡು ಬರುವುದಿಲ್ಲ. ಅಟ್ಲಾಂಟಿಕ್ ಸಾಗರದ ನಡುವೆ ಕುಳಿತ ಅಮೆರಿಕದ ಮುದುಕನಿಗೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದ ಸುರಪುರದ ಹುಡುಗನಿಗೂ ನಾಲ್ಕನೆಯ ದಿನ ಒಂದೇ ಬಗೆಯ ಹಸಿವಾಗುತ್ತದೆ. ಆ ಹಸಿವಿನ ವಿಚಾರವೇ ಇಂದಿನ ನನ್ನ ವಿಷಯ.

ಮೊದಲು ಹಡಗಿನ ಮಾತು. ಇಂದಿನ ವಿಹಾರದ ಹಡಗೆಂದರೆ ತೇಲುವ ಪಟ್ಟಣ. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗಿನಲ್ಲಿ ತುಂಬಿದರೆ 7,600 ಪ್ರಯಾಣಿಕರು ಹಿಡಿಯುತ್ತಾರೆ. ಅವರ ಸೇವೆಗೆ 2,300ಕ್ಕೂ ಹೆಚ್ಚು ಸಿಬ್ಬಂದಿ. ಸುರಪುರ ತಾಲ್ಲೂಕಿನ ದೊಡ್ಡ ಹಳ್ಳಿಯೊಂದನ್ನು ಜನ ಸಮೇತ ಎತ್ತಿ ನೀರಿನ ಮೇಲೆ ಇಟ್ಟಂತೆ. ಇಂಥ ಹಡಗುಗಳಲ್ಲಿ ಊಟವೇ ಅರ್ಧ ಪ್ರವಾಸ. ಹಗಲೆಲ್ಲ ನೀರು ನೋಡಿ ದಣಿದವರು ಸಂಜೆಗೆ ಚೊಕ್ಕ ಬಟ್ಟೆ ಉಟ್ಟು ಊಟದ ಶಾಲೆಗೆ ಬಂದು ಕೂಡುತ್ತಾರೆ. ಮುಂದೆ ಅಚ್ಚುಕಟ್ಟಾಗಿ ಮುದ್ರಿಸಿದ ಪಟ್ಟಿ ಬರುತ್ತದೆ.

ನನ್ನ ಸೋದರಳಿಯನೊಬ್ಬ ಹೊರದೇಶದಲ್ಲಿದ್ದಾನೆ. ಹೆಂಡತಿ ಮಕ್ಕಳೊಡನೆ ಏಳು ದಿನ ಇಂಥದೊಂದು ಹಡಗಿನಲ್ಲಿ ವಿಹರಿಸಿ ಬಂದವನು ಆ ಪಟ್ಟಿಗಳ ಚಿತ್ರಗಳನ್ನು ನನಗೆ ಫೋನಿನಲ್ಲಿ ಕಳುಹಿಸಿದ್ದ. ನಾನು ಅವನ್ನು ಒಂದು ಖಂಡಕಾವ್ಯವನ್ನು ಓದುವಷ್ಟು ಶ್ರದ್ಧೆಯಿಂದ ಓದಿದೆ. ಒಂದು ಕಡೆ ದಿನದಿನಕ್ಕೆ ಬದಲಾಗುವ ಭಕ್ಷ್ಯಗಳು. ಅವುಗಳ ಹೆಸರು ಫ್ರೆಂಚಿನಲ್ಲೋ ಇಟಾಲಿಯನ್ನಿನಲ್ಲೋ ಇರುತ್ತವೆ. ಇನ್ನೊಂದು ಕಡೆ ಎಷ್ಟು ದಿನವಾದರೂ ಬದಲಾಗದ ನಾಲ್ಕಾರು ಪದಾರ್ಥಗಳು: ಹುರಿದ ಕೋಳಿ, ಹಿಸುಕಿದ ಆಲೂಗಡ್ಡೆ, ಸಾದಾ ಸಾರು, ಸೇಬು ಹಣ್ಣಿನ ಕಡುಬು. ಇಂಗ್ಲಿಷಿನಲ್ಲಿ ಇವಕ್ಕೆ 'ಕಂಫರ್ಟ್ ಫುಡ್' ಎನ್ನುತ್ತಾರೆ. ಸಮಾಧಾನದ ಊಟ ಎಂದು ನಾವು ಅನ್ನಬಹುದು. ನನ್ನ ಅಳಿಯ ಹೇಳಿದ ಸಂಗತಿ ಸ್ವಾರಸ್ಯವಾಗಿತ್ತು. ಮೊದಲೆರಡು ದಿನ ಎಲ್ಲರ ಬೆರಳೂ ಬದಲಾಗುವ ಭಕ್ಷ್ಯಗಳ ಮೇಲೆಯೇ ಓಡುತ್ತಿದ್ದವಂತೆ. ನಾಲ್ಕನೆಯ ದಿನದ ಹೊತ್ತಿಗೆ ಅಕ್ಕಪಕ್ಕದ ಮೇಜಿನವರೆಲ್ಲ ಸದ್ದಿಲ್ಲದೆ ಆಲೂಗಡ್ಡೆಯ ಕಡೆಗೆ ವಾಲಿದ್ದರಂತೆ. ಸಾವಿರಾರು ಡಾಲರು ತೆತ್ತು ಮನೆಯಿಂದ ಓಡಿ ಬಂದವರು, ಮತ್ತೆ ಆ ಮನೆಯನ್ನೇ ಒಂದು ತಟ್ಟೆಯಲ್ಲಿ ತರಿಸಿಕೊಳ್ಳುತ್ತಿದ್ದರು.

ಅವನೂ ಐದನೆಯ ದಿನ ಕೇಳಿ ನೋಡಿದ. ಚಪಾತಿ, ಬೇಳೆ, ಅನ್ನ ಬಂದವು. ಹೇಗಿತ್ತೆಂದು ನಾನು ಕೇಳಿದ್ದಕ್ಕೆ ಅವನು ಹೇಳಿದ: "ಮಾಮಾ, ಬ್ಯಾಳಿ ಛಲೋನ ಇತ್ತು. ಆದ್ರ ನಮ್ಮ ಬ್ಯಾಳಿ ಅಲ್ಲ ಅದು." ಕಲಬುರಗಿ ಸೀಮೆಯ ತೊಗರಿಯನ್ನು ಉಂಡು ಬೆಳೆದವನ ಮಾತದು, ಆ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೆ ಸರ್ಕಾರ ಮುದ್ರೆ ಒತ್ತುವ ಮೊದಲೇ ನಮ್ಮ ನಾಲಗೆಗಳು ಆ ಮುದ್ರೆಯನ್ನು ಒತ್ತಿಯಾಗಿತ್ತು.

ಹಡಗಿನ ಪಟ್ಟಿಯಲ್ಲಿ ಮನೆಯ ಅಡುಗೆ ನುಸುಳಿದ್ದು ಇಂದು ನಿನ್ನೆಯ ಮಾತಲ್ಲ. 1912ರ ಏಪ್ರಿಲ್ 14ರಂದು, ಮುಳುಗುವ ಕೆಲವೇ ಗಂಟೆಗಳ ಮೊದಲು, ಟೈಟಾನಿಕ್ ಹಡಗಿನಲ್ಲಿ ಬಡಿಸಿದ ಊಟದ ಪಟ್ಟಿಗಳು ಉಳಿದು ಬಂದಿವೆ. ಮೊದಲನೆಯ ದರ್ಜೆಯ ಮಧ್ಯಾಹ್ನದ ಪಟ್ಟಿಯಲ್ಲಿ ಫ್ರೆಂಚು ಹೆಸರುಗಳ ನಡುವೆ ಸುಟ್ಟ ಕುರಿಮಾಂಸ, ಹಿಸುಕಿದ ಆಲೂಗಡ್ಡೆ, ಕಸ್ಟರ್ಡು ಇವೆ; ಕೋಟ್ಯಧೀಶರಿಗೂ ತಾಯಿ ಎಂಬುವಳು ಇದ್ದಳಲ್ಲವೆ? ಎರಡನೆಯ ದರ್ಜೆಯವರ ರಾತ್ರಿಯೂಟದಲ್ಲಿ ಮಸಾಲೆಯ ಕೋಳಿ ಮತ್ತು ಅನ್ನ ಕಾಣಿಸಿಕೊಂಡಿದೆ. ಹಿಂದೂಸ್ಥಾನದಲ್ಲಿ ನೌಕರಿ ಮಾಡಿ ಮರಳಿದ ಇಂಗ್ಲಿಷರಿಗೆ ಆ ಹೊತ್ತಿಗೆ ನಮ್ಮ ಸಾರೇ ಮನೆಯ ಊಟವಾಗಿಬಿಟ್ಟಿತ್ತು. ಪಿ. ಆಂಡ್ ಓ. ಕಂಪನಿಯ ಹಡಗುಗಳಲ್ಲಂತೂ ಗೋವೆಯ ಬಾಣಸಿಗರೂ ಪರಿಚಾರಕರೂ ಇದ್ದು ಸಾರು ಅನ್ನ ದಿನದ ಮಾತಾಗಿತ್ತು. ಇನ್ನು ಟೈಟಾನಿಕ್ಕಿನ ಮೂರನೆಯ ದರ್ಜೆಯ ಬಡವರ ಪಟ್ಟಿಯನ್ನು ನೋಡಿದರೆ ಬೆಳಿಗ್ಗೆ ಓಟ್ಸಿನ ಗಂಜಿ, ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆ, ರಾತ್ರಿ ಮಲಗುವ ಮುನ್ನ ಮತ್ತೆ ಗಂಜಿ. ಇವುಗಳ ಜೊತೆಗೆ 'ಕ್ಯಾಬಿನ್ ಬಿಸ್ಕತ್ತು' ಎಂಬ ಒಂದು ಗಟ್ಟಿ ಪದಾರ್ಥ.

ಈ ಬಿಸ್ಕತ್ತಿನ ಹೆಸರು ಕಂಡ ಕೂಡಲೇ ನನಗೆ ನಮ್ಮ ಖಡಕ್ ರೊಟ್ಟಿಯ ನೆನಪಾಯಿತು. ಹಡಗಿನ ಬಿಸ್ಕತ್ತಿನ ವಂಶ ಬಹು ಹಳೆಯದು. ಹಿಟ್ಟು, ನೀರು, ಉಪ್ಪು ಕಲಸಿ ಕಲ್ಲಿನಂತಾಗುವವರೆಗೆ ಬೇಯಿಸಿದ ಬಿಲ್ಲೆ ಅದು. ಇಂಗ್ಲೆಂಡಿನ ನೌಕಾಪಡೆಯ ಪ್ರತಿಯೊಬ್ಬ ನಾವಿಕನಿಗೂ ಹಿಂದೆ ದಿನಕ್ಕೆ ಒಂದು ಪೌಂಡು ತೂಕದಷ್ಟು ಕೊಡುತ್ತಿದ್ದರು. ತಿನ್ನುವ ಮೊದಲು ಮೇಜಿಗೆ ತಟ್ಟಿ ಹುಳುಗಳನ್ನು ಉದುರಿಸಿಕೊಳ್ಳುತ್ತಿದ್ದರಂತೆ. ನಮ್ಮ ಸುರಪುರಕ್ಕೂ ಆ ಬಿಸ್ಕತ್ತಿನ ಕಾಲದ ಹಡಗಿನಲ್ಲಿ ಬಂದ ಒಬ್ಬನ ಸಂಬಂಧವಿದೆ. ಮೆಡೋಸ್ ಟೇಲರ್ 1824ರಲ್ಲಿ ಹದಿನೈದರ ಹುಡುಗನಾಗಿ ಹಾಯಿಯ ಹಡಗಿನಲ್ಲಿ ಮುಂಬಯಿಗೆ ಬಂದಿಳಿದವನು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತದ ಹೊಣೆ ಹೊತ್ತವನು. ಊರ ಬೆಟ್ಟದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ಆಫ್ರಿಕದ ತುದಿಯನ್ನು ಸುತ್ತಿಕೊಂಡು ತಿಂಗಳಾನುಗಟ್ಟಲೆ ಸಾಗುತ್ತಿದ್ದ ಅಂದಿನ ಯಾನಗಳಲ್ಲಿ ಉಪ್ಪು ಹಚ್ಚಿದ ಮಾಂಸ, ಗಟ್ಟಿ ಬಿಸ್ಕತ್ತು ಇವೇ ಆಧಾರ.

ಬಿಸ್ಕತ್ತೂ ಖಡಕ್ ರೊಟ್ಟಿಯೂ ಒಂದೇ ತರ್ಕದಿಂದ ಹುಟ್ಟಿದವು. ನೀರಿನ ಅಂಶ ಹೋಗಿಬಿಟ್ಟರೆ ಬೂಸು ಹಿಡಿಯುವುದಿಲ್ಲ. ಬೂಸು ಹಿಡಿಯದಿದ್ದರೆ ದೂರ ಹೋಗಬಹುದು. ಆದರೆ ಅವುಗಳ ಹಣೆಬರಹ ಬೇರೆ ಬೇರೆಯಾಯಿತು. ನಾವಿಕರು ಬಿಸ್ಕತ್ತನ್ನು ಶಪಿಸಿಕೊಂಡು ತಿಂದರು. ಒಳ್ಳೆಯ ರೊಟ್ಟಿ ಸಿಕ್ಕ ದಿನವೇ ಅದನ್ನು ಕೈಬಿಟ್ಟರು. ನಮ್ಮವರೋ ಬಿಸಿ ರೊಟ್ಟಿ ಎದುರಿಗಿದ್ದಾಗಲೂ ಖಡಕ್ ರೊಟ್ಟಿಯನ್ನು ಮುರಿದು ಮೊಸರು ಹಿಂಡಿಯೊಡನೆ ಸವಿಯುತ್ತಾರೆ. ಒಂದನ್ನು ಸರಕಾರದ ಗುತ್ತಿಗೆಯ ಒಲೆಗಳು ಬೇಯಿಸಿದವು; ಇನ್ನೊಂದನ್ನು ಅವ್ವ ಬೇಯಿಸಿದಳು. ವ್ಯತ್ಯಾಸಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಹೊಳೆಯುವುದಿಲ್ಲ.

ಖಡಕ್ ರೊಟ್ಟಿಯ ಯಾನವನ್ನು ನೋಡಬೇಕಾದರೆ ಯಾದಗಿರಿಯ ರೈಲು ನಿಲ್ದಾಣಕ್ಕೆ ಬರಬೇಕು. ಮುಂಬಯಿಗೂ ಬೆಂಗಳೂರಿಗೂ ಓಡುವ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಸಂಸಾರಕ್ಕೆ ಸಂಸಾರವೇ ದುಡಿಮೆಗೆ ಹೊರಡುತ್ತದೆ: ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ. ಅವರ ಸಾಮಾನಿನಲ್ಲಿ ಹಾಸಿಗೆಯ ಸುರುಳಿ, ಒಂದು ಕೊಡ, ಒಂದು ಬುಟ್ಟಿ ಇರುತ್ತವೆ. ಅವೆಲ್ಲದರ ಮೇಲೆ, ಯಾರೂ ಕೂಡಬಾರದು, ಯಾರೂ ಒದೆಯಬಾರದೆಂದು ಜೋಪಾನ ಮಾಡಿ ಇಟ್ಟ ಬಟ್ಟೆಯ ಗಂಟೊಂದು ಇರುತ್ತದೆ. ಅದರಲ್ಲಿ ನಲವತ್ತೋ ಐವತ್ತೋ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ. ಹೊಸ ಊರಿನಲ್ಲಿ ತಗಡಿನ ಗುಡಿಸಲು ಎದ್ದು ಒಲೆ ಹೊತ್ತುವವರೆಗೆ ಅದೇ ಆಧಾರ. ಇದೂ ಒಂದು ಸಮುದ್ರಯಾನವೇ. ಇವರಿಗೆ ಮುದ್ರಿತ ಪಟ್ಟಿ ಇಲ್ಲ, ಎಡಬಲದ ಆಯ್ಕೆ ಇಲ್ಲ. ವಿಹಾರದ ಹಡಗಿನವನಿಗೆ ಮನೆಯ ರುಚಿ ಬೇಸರ ಕಳೆಯುವ ಸಾಧನ. ಈ ಯಾತ್ರಿಕನಿಗೆ ಅದೇ ಬದುಕಿನ ದಡ. ಮನೆಯೂಟವೆಂದರೇನೆಂದು ಯಾರನ್ನಾದರೂ ಕೇಳಬೇಕಾದರೆ ನಾನು ಮೊದಲು ಈ ಗಂಟಿನವನನ್ನೇ ಕೇಳುತ್ತೇನೆ.

ಹೊರಗೆ ಹೋದವನಿಗೆ ಗಂಟು; ಹೊರಗಿನಿಂದ ನಮ್ಮ ಊರಿಗೆ ಬಂದವನಿಗೆ ಖಾನಾವಳಿ. ವರ್ಗವಾಗಿ ಬಂದ ಗುಮಾಸ್ತ, ಕೊಠಡಿ ಹಿಡಿದು ಓದುವ ವಿದ್ಯಾರ್ಥಿ, ಕೋರ್ಟಿಗೆ ಬಂದ ಕಕ್ಷಿದಾರ, ಸಂತೆಗೆ ಬಂದ ರೈತ, ಇವರೆಲ್ಲ ಒಂದು ಹೊತ್ತಿನ ಮನೆ ಹುಡುಕಿಕೊಂಡು ಬರುವುದು ಅಲ್ಲಿಗೆ. ಉಡುಪಿಯ ಹೋಟೆಲಿನವರು ನಮ್ಮ ಪಟ್ಟಣಗಳಿಗೆ ಬಂದು ಗೋಡೆಯ ಮೇಲೆ ತಿಂಡಿಗಳ ಪಟ್ಟಿ ತೂಗುಹಾಕಿದರು; ಅದೂ ಒಳ್ಳೆಯದೇ ಆಯಿತು. ಹಳೆಯ ಖಾನಾವಳಿಗೆ ಮಾತ್ರ ಪಟ್ಟಿಯ ಹಂಗಿರಲಿಲ್ಲ. ಹೋಗಿ ಕುಳಿತರೆ ತಾಟು ಬರುತ್ತಿತ್ತು. ಈ ಹೊತ್ತು ಏನು ಪಲ್ಯವೆಂದು ಕೇಳಿದರೆ ಹುಡುಗ ಒಂದೇ ಉಸುರಿನಲ್ಲಿ ಹೇಳುತ್ತಿದ್ದ: ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳು. ಬೇಡವೆಂದರೆ ಬೇರೆ ಇಲ್ಲ. ಮನೆಯಲ್ಲಿ ಬೇರೆ ಇರುತ್ತದೆಯೆ?

ಶಹಾಪುರದಲ್ಲಿ ನಾನು ಕೆಲವು ವರ್ಷ ಒಬ್ಬನೇ ಇದ್ದಾಗ ಇಂಥ ಒಂದು ಖಾನಾವಳಿಯ ತಿಂಗಳ ಲೆಕ್ಕದ ಗಿರಾಕಿಯಾಗಿದ್ದೆ. ಮುಂದಿನ ಕೋಣೆಯಲ್ಲಿ ನಾವು ಉಣ್ಣುವವರು. ಹಿಂದಿನ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳಿಸುತ್ತಿದ್ದರೆ ಹೊಟ್ಟೆಗೆ ಧೈರ್ಯ. ನಿಂತರೆ ಎಲ್ಲರೂ ತಲೆಯೆತ್ತಿ ಬಾಗಿಲು ನೋಡುತ್ತಿದ್ದರು. ಮಾಲಕಿ ಹಿರಿಯ ಹೆಂಗಸು. ನಾನು ಎರಡು ರೊಟ್ಟಿಗೆ ಕೈ ತಡೆದ ದಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಯಾಕ್ರಿ ಮಾಸ್ತರ್, ಮೈಯಾಗ ಅರಾಮ್ ಇಲ್ಲೇನು? ದಿನಾ ಮೂರು ಉಣ್ಣಾವ್ರು ನೀವು." ಯಾವ ಮುದ್ರಿತ ಪಟ್ಟಿಯಲ್ಲೂ ಸೇರಿಸಲಾಗದ ಪದಾರ್ಥ ಇದು. ನಿನ್ನೆ ನಾನೆಷ್ಟು ಉಂಡೆನೆಂಬುದು ಇನ್ನೊಬ್ಬರಿಗೆ ನೆನಪಿರುವುದು, ಇಂದು ಕಡಿಮೆ ಉಂಡರೆ ಅವರಿಗೆ ಸಂಶಯ ಬರುವುದು! ಹಡಗಿನಲ್ಲಿ ತಟ್ಟೆ ಅರ್ಧಕ್ಕೆ ಬಿಟ್ಟರೆ ಪರಿಚಾರಕ ಬಹು ವಿನಯದಿಂದ 'ಬೇರೆ ತರಲೆ?' ಎಂದು ಕೇಳುತ್ತಾನೆ. ಅದು ಸೌಜನ್ಯ. 'ಯಾಕೆ ಉಣ್ಣಲಿಲ್ಲ?' ಎಂದು ಕೇಳುವುದು ಮನೆ.

ಹಾಗೆಂದು ಹಡಗಿನ ಬಾಣಸಿಗನನ್ನು ಹಗುರವಾಗಿ ಕಾಣಬೇಕಾಗಿಲ್ಲ. ಅವನ ಕಷ್ಟ ಅವನಿಗೆ. ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಗೋಧಿಯ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ಎಸರು ಹೊಯ್ದು, ಹಿಟ್ಟನ್ನು ಬಿಸಿಯಲ್ಲೇ ನಾದಿ, ಅಂಗೈಯಿಂದ ಬಡಿದು ಬಡಿದು ಅಗಲ ಮಾಡಬೇಕು. ಒತ್ತಡ ಒಂದಿಷ್ಟು ಹೆಚ್ಚು ಕಡಿಮೆಯಾದರೆ ಅಂಚು ಸೀಳುತ್ತದೆ. ಹಂಚಿಗೆ ಹಾಕಿ ಮೇಲೆ ನೀರಿನ ಬಟ್ಟೆ ಸವರಿ, ಮಗುಚಿ, ಕಡೆಗೆ ಬೆಂಕಿಯ ಮಗ್ಗುಲಲ್ಲಿ ನಿಲ್ಲಿಸಿದಾಗ ಅದು ಉಬ್ಬುತ್ತದೆ. ಉಬ್ಬಿದ ರೊಟ್ಟಿ ತಾಟಿಗೆ ಬಂದು ಮೂರು ನಿಮಿಷದೊಳಗೆ ಬಾಯಿಗೆ ಹೋಗಬೇಕು. ಹತ್ತು ನಿಮಿಷ ಕಾದರೆ ಅದು ಬೇರೆಯೇ ಪದಾರ್ಥ. ಇನ್ನು ಪ್ರಯಾಣಿಕರ ಹಡಗಿನಲ್ಲಿ ಬೆಂಕಿಯ ಭಯದಿಂದ ಉರಿಯ ಒಲೆಗೆ ಸಾಮಾನ್ಯವಾಗಿ ಎಡೆಯಿಲ್ಲ; ಎಲ್ಲವೂ ವಿದ್ಯುತ್ತಿನ ಒಲೆ. ಸಾವಿರಾರು ಜನ ಒಂದೇ ಗಂಟೆಯಲ್ಲಿ ಉಣ್ಣಬೇಕು. ಆದುದರಿಂದ ಯಾವ ಅಡುಗೆ ಕಾದರೂ ಕೆಡುವುದಿಲ್ಲವೋ ಅದೇ ಅಲ್ಲಿ ಮನೆಯೂಟವೆಂಬ ಪಟ್ಟಿಗೆ ಏರುತ್ತದೆ: ಬೇಳೆ, ಪಲಾವು, ಹಿಸುಕಿದ ಆಲೂಗಡ್ಡೆ. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಯಾನ ಆರಂಭಿಸಿದ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗಿನಲ್ಲಿ ಜೈನರ ಊಟಕ್ಕೂ ಏರ್ಪಾಡು ಮಾಡಿದ್ದರು. ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟದವನೂ ಈಗ ನಿಶ್ಚಿಂತೆಯಿಂದ ಕಡಲ ಮೇಲೆ ಹೋಗಬಹುದು. ಇದು ಸಣ್ಣ ಸಾಧನೆಯಲ್ಲ. ಹಿಂದೆ ಸಮುದ್ರ ದಾಟಲು ಹಿಂಜರಿದವರ ಮೊದಲ ಚಿಂತೆಯೇ ಊಟದ್ದಾಗಿತ್ತು.

ಊಟ ಹೀಗೆ ಪಟ್ಟಿಗೆ ಏರಿತು. ಅದನ್ನು ಮಾಡುವ ಕೈಯ ಗತಿಯೇನು? ನನ್ನ ಅಳಿಯ ಅದನ್ನೂ ವಿಚಾರಿಸಿಕೊಂಡು ಬಂದಿದ್ದ. ಅವನಿಗೆ ಬೇಳೆ ತಂದಿಟ್ಟ ಹುಡುಗ ಮಂಗಳೂರಿನ ಕಡೆಯವನು. ನಮ್ಮ ಕರಾವಳಿಯಿಂದಲೂ ಗೋವೆಯಿಂದಲೂ ಅನೇಕ ತರುಣರು ಇಂಥ ಹಡಗುಗಳಲ್ಲಿ ದುಡಿಯುತ್ತಾರೆ. ತಿಂಗಳುಗಟ್ಟಲೆ ನೀರಿನ ಮೇಲೆಯೇ ಇರುತ್ತಾರೆ. "ನೀವೆಲ್ಲ ಏನು ಉಣ್ತೀರಿ?" ಎಂದು ಇವನು ಕನ್ನಡದಲ್ಲಿ ಕೇಳಿದಾಗ ಆ ಹುಡುಗನ ಮುಖ ಅರಳಿತಂತೆ. "ಕೆಳಗೆ ನಮಗೆ ಬೇರೆ ಊಟ ಉಂಟು ಸರ್. ಅನ್ನ, ಸಾರು ಎಲ್ಲ ಉಂಟು. ಗಂಜಿ ಮಾತ್ರ ಮನೆಗೆ ಹೋದ ಮೇಲೆಯೇ." ಯಾರದೋ ತಾಯಿಯ ಆಲೂಗಡ್ಡೆಯನ್ನು ಇನ್ನಾರಿಗೋ ಬಡಿಸುತ್ತ, ತನ್ನ ತಾಯಿಯ ಗಂಜಿಗೆ ದಿನ ಎಣಿಸುವವನು ಅವನು.

ಇದನ್ನು ಕೇಳಿದಾಗ ನನಗೆ ಖಾನಾವಳಿಯ ಹಿಂದಿನ ಕೋಣೆ ಕಣ್ಣ ಮುಂದೆ ಬಂತು. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಇಬ್ಬರಲ್ಲಿ ಒಬ್ಬಳು ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಹೊತ್ತು ಮುಳುಗುವಾಗ ಅವಳು ತನ್ನ ಪಾಲಿನ ಆರಿದ ರೊಟ್ಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಡುವುದನ್ನು ಕಂಡು ನಾನೊಮ್ಮೆ, "ಬಿಸಿದು ಉಣ್ಣಬಾರದೇನವ್ವಾ?" ಎಂದೆ. ಅವಳು ನಕ್ಕು ಹೇಳಿದಳು: "ನಮಗ್ಯಾರು ಬಡದು ಹಾಕ್ತಾರ್ರಿ, ಯಪ್ಪಾ?" ಆ ಮಾತು ಖಾನಾವಳಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಮನೆಗಳಲ್ಲಿಯೂ ಎಲ್ಲರಿಗೂ ಒಂದೊಂದಾಗಿ ಬಿಸಿ ರೊಟ್ಟಿ ಹಾಕಿದವಳು ಕಡೆಗೆ ಒಲೆ ಆರಿದ ಮೇಲೆ ಒಬ್ಬಳೇ ಕುಳಿತು ಉಳಿದದ್ದನ್ನು ಉಣ್ಣುತ್ತಾಳೆ. ಮನೆಯೂಟದ ಹಿತ ಯಾರ ಕೈಯಿಂದ ಹೊರಡುತ್ತದೋ ಅವರಿಗೆ ಆ ಹಿತ ದೊರೆಯುವುದೇ ಅಪರೂಪ. ಹಡಗಿನ ಪಟ್ಟಿಯಲ್ಲಿ ಅಡುಗೆಯವನ ಹೆಸರಿಲ್ಲವೆಂದು ನಾವು ಟೀಕಿಸಬಹುದು. ನಮ್ಮ ಮನೆಯ ಪಟ್ಟಿಯಲ್ಲಿ ಇದೆಯೆ?

ದೊಡ್ಡ ಸಂಖ್ಯೆಗೆ ಅಡುಗೆ ಮಾಡಿದರೆ ಮನೆಯ ರುಚಿ ಉಳಿಯದೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪಲಾರೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹವನ್ನು ನೋಡಿ. ಹಡಗಿನ ಏಳೆಂಟು ಸಾವಿರವಲ್ಲ, ಲಕ್ಷ ಲಕ್ಷ ಜನ ಅಲ್ಲಿ ಉಣ್ಣುತ್ತಾರೆ. ಆ ರೊಟ್ಟಿಗಳು ಯಾವ ಕಾರಖಾನೆಯಿಂದಲೂ ಬರುವುದಿಲ್ಲ. ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿ ಬಡಿದು, ಒಣಗಿಸಿ, ಬುಟ್ಟಿಗಳಲ್ಲಿ ತುಂಬಿ, ಚಕ್ಕಡಿ ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆ ಮಾಡಿಕೊಂಡು ತಂದು ಒಪ್ಪಿಸುತ್ತಾರೆ. ತನ್ನ ರೊಟ್ಟಿಯನ್ನು ಯಾರು ಉಣ್ಣುವರೆಂದು ಬಡಿದವಳಿಗೆ ಗೊತ್ತಿಲ್ಲ, ತನ್ನ ತಾಟಿನ ರೊಟ್ಟಿ ಯಾರ ಕೈಯದೆಂದು ಉಂಡವನಿಗೆ ಗೊತ್ತಿಲ್ಲ. ಆದರೂ ಅದು ಮನೆಯೂಟವೇ. ಏಕೆಂದರೆ ಆ ಕೈಗೆ ಅಲ್ಲಿ ಗೌರವವಿದೆ; ಬುಟ್ಟಿ ಹೊತ್ತವಳು ಡೊಳ್ಳು ಭಜನೆಗಳ ನಡುವೆ ಊರ ಮುಂದೆ ನಡೆದು ಬರುತ್ತಾಳೆ. ಸಂಖ್ಯೆಯಿಂದ ಮನೆತನ ಕೆಡುವುದಿಲ್ಲ. ಕೈಯನ್ನು ಮರೆತಾಗ ಕೆಡುತ್ತದೆ.

ಇನ್ನೊಂದು ಮರೆವೂ ಉಂಟು, ಅದು ಹೊಲದ ಮರೆವು. ನಮ್ಮ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆಯುವ ಚೆಂದವೇ ಬೇರೆ. ಮಳೆಗಾಲದ ಕೊನೆಗೆ ಬಿತ್ತಿದರೆ, ಕಪ್ಪು ಮಣ್ಣು ಹಿಡಿದಿಟ್ಟ ತೇವದಲ್ಲಿಯೇ, ಚಳಿಯ ಇಬ್ಬನಿಯಲ್ಲಿಯೇ ಅದು ತೆನೆಯಾಗುತ್ತದೆ. ಮೇಲೆ ನೀರು ಕೇಳುವುದಿಲ್ಲ. ಬಡವನ ಮನೆಯ ಸೊಸೆಯಂತೆ, ಇದ್ದುದರಲ್ಲಿಯೇ ತೂಗಿಸಿಕೊಂಡು ಹೋಗುವ ಪೈರು. 1982ರಲ್ಲಿ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆಯ ಕಾಲುವೆ ಸುರಪುರ ಶಹಾಪುರಗಳ ಒಣ ನೆಲಕ್ಕೆ ನೀರು ತಂದಿತು. ಆ ನೀರನ್ನು ಬೇಡವೆನ್ನುವ ಧೈರ್ಯ ಬರಗಾಲ ಕಂಡ ಯಾರಿಗೂ ಬರಲಾರದು. ಆದರೆ ಕಾಲುವೆಯ ಹಿಂದೆಯೇ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ಜೋಳ ಹಿಂದೆ ಸರಿಯಿತು. ಹಬ್ಬಕ್ಕೊಮ್ಮೆ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ಅನ್ನ ದಿನದ ಮಾತಾಯಿತು. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಮೇಲೆ ಪಡಿತರದ ಅಕ್ಕಿ ಗುಡಿಸಲಿನವರೆಗೂ ತಲುಪಿತು. ಹಸಿದ ಹೊಟ್ಟೆಗೆ ಅನ್ನ ಸಿಕ್ಕಿತೆಂಬುದು ಸಂತೋಷದ ಸಂಗತಿಯೇ. ರೊಟ್ಟಿ ಬಡಿಯುವ ಕೈಗೂ ಒಂದಿಷ್ಟು ಬಿಡುವು ದೊರೆಯಿತು. ಕೂಲಿಯಿಂದ ಬಂದವಳು ಅಕ್ಕಿ ತೊಳೆದು ಒಲೆಗಿಟ್ಟು ಕಾಲು ಚಾಚಬಹುದು. ಆ ಬಿಡುವನ್ನು ಆಡಿಕೊಳ್ಳುವ ಹಕ್ಕು, ಜೀವಮಾನದಲ್ಲಿ ಒಂದು ರೊಟ್ಟಿಯನ್ನೂ ಬಡಿಯದ ನಮ್ಮಂಥ ಗಂಡಸರಿಗಿಲ್ಲ.

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಜೋಳದ ರೊಟ್ಟಿ ಮನೆಯ ಗಂಗಾಳದಿಂದ ಇಳಿಯುತ್ತಿರುವ ಈ ಹೊತ್ತಿನಲ್ಲಿಯೇ ಅದು ಹೊರಗಿನ ಪಟ್ಟಿಗಳನ್ನು ಏರುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ನೆರೆಯ ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದಾಗಿ, ಸ್ವಸಹಾಯ ಸಂಘಗಳ ಹೆಂಗಸರು ಮಾಡಿದ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದೂರದೂರಿಗೆ ಮಾರುವ ವ್ಯವಸ್ಥೆ ಮಾಡಿದೆ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ 'ಉತ್ತರ ಕರ್ನಾಟಕದ ಮನೆಯೂಟ'ವೆಂದು ಬರೆಯುತ್ತಾರೆ. ನಾಳೆ ಯಾವುದಾದರೂ ಹಡಗಿನ ಪಟ್ಟಿಯಲ್ಲಿಯೂ ನಮ್ಮ ರೊಟ್ಟಿ ಎಣ್ಣೆಗಾಯಿ ಕಾಣಿಸಿಕೊಂಡರೆ ನನಗೇನೂ ಆಶ್ಚರ್ಯವಿಲ್ಲ. ಮನೆಯಿಂದ ದೂರವಾದವನ ಬಾಯಲ್ಲಿ ಈ ಮಾತು ಹುಟ್ಟುತ್ತದೆಂದು ಮೊದಲೇ ಹೇಳಿದೆನಲ್ಲವೆ? ಈಗ ನಾವು ಮನೆಯಲ್ಲಿದ್ದುಕೊಂಡೇ ದೂರವಾಗುತ್ತಿದ್ದೇವೆ. ಆದ್ದರಿಂದಲೇ ಯಾದಗಿರಿಯ ಬಸ್ ನಿಲ್ದಾಣದ ಮಗ್ಗುಲಲ್ಲಿಯೂ 'ಮನೆಯೂಟ' ಎಂಬ ಹಲಗೆ ಬೇಕಾಗಿದೆ.

ಇದಕ್ಕೆ ದುಃಖಪಡಬೇಕೆ? ನನ್ನ ಅಭಿಪ್ರಾಯದಲ್ಲಿ ಪಟ್ಟಿಗೆ ಏರುವುದರಿಂದ ರೊಟ್ಟಿಗೆ ಅವಮಾನವೇನೂ ಇಲ್ಲ. ಸಂಬಳವಿಲ್ಲದೆ, ಹೆಸರಿಲ್ಲದೆ ತಲೆತಲಾಂತರದಿಂದ ಬಡಿದ ಕೈಗೆ ಈಗ ನಾಲ್ಕು ಕಾಸು ಸಿಗುತ್ತದೆಂದರೆ ಅದು ನ್ಯಾಯದ ಕಡೆಗೆ ಒಂದು ಹೆಜ್ಜೆಯೇ. ಪಟ್ಟಿಯ ಮೇಲೆ ಅಕ್ಷರ ಉಳಿದು, ಹಿಂದೆ ಹೊಲವೂ ಇಲ್ಲ, ಕೈಯೂ ಇಲ್ಲ ಎಂದಾಗಬಾರದು, ಅಷ್ಟೇ. ಜೋಳ ಬಿತ್ತಿದವನಿಗೆ ಭತ್ತ ಬಿತ್ತಿದವನಿಗಿಂತ ಕಡಿಮೆ ಗಿಟ್ಟಿದರೆ, ಅವನು ಸಂಸ್ಕೃತಿಯ ಹೆಸರಿನಲ್ಲಿ ಎಷ್ಟು ದಿನ ಜೋಳ ಬಿತ್ತಿಯಾನು? ರೊಟ್ಟಿ ಬಡಿಯುವ ಕೆಲಸಕ್ಕೆ ಕೂಲಿಯೂ ಮರ್ಯಾದೆಯೂ ಇಲ್ಲದಿದ್ದರೆ ಯಾವ ತಾಯಿ ಅದನ್ನು ಮಗಳಿಗೆ ಕಲಿಸಿಯಾಳು? ಮಗನಿಗೆ ಕಲಿಸಬಾರದೆಂದೂ ಯಾವ ಶಾಸ್ತ್ರದಲ್ಲಿ ಬರೆದಿಲ್ಲ. ಹಡಗಿನ ಅಡುಗೆಮನೆಯ ತುಂಬ ಗಂಡಸರೇ ಇದ್ದಾರೆ. ಸಂಬಳ ಬರುವಲ್ಲಿ ಸೌಟು ಹಿಡಿಯುವ ಕೈಗೆ ಸಂಬಳವಿಲ್ಲದಲ್ಲಿ ನಾಚಿಕೆಯೇಕೆ?

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯಿದೆ. ಊಟವನ್ನು ಬಲ್ಲುದು ಎಂದರೆ ಹಿತಮಿತವನ್ನು ಬಲ್ಲುದು ಎಂದು ವೈದ್ಯರು ಅರ್ಥ ಹೇಳುತ್ತಾರೆ. ಆ ಊಟ ಯಾವ ಹೊಲದಿಂದ ಬಂತು, ಯಾವ ಕೈಯಿಂದ ಬಂತು, ಆ ಕೈಯವರು ಉಂಡರೋ ಇಲ್ಲವೋ ಎಂಬುದನ್ನು ಬಲ್ಲುದೂ ಅದರಲ್ಲಿ ಸೇರಬೇಕೆಂದು ನನಗೆ ತೋರುತ್ತದೆ. ಇಷ್ಟನ್ನು ಬಲ್ಲವನು ಎಲ್ಲಿ ಕುಳಿತು ಉಂಡರೂ, ಕಡಲ ಮೇಲೆ ಉಂಡರೂ, ಖಾನಾವಳಿಯಲ್ಲಿ ಉಂಡರೂ, ಅವನ ಪಾಲಿಗೆ ಅದು ಮನೆಯೂಟ. ಈ ಭಾಷಣ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಅನೇಕರ ರಾತ್ರಿಯೂಟದ ವೇಳೆಯಾಗಿರುತ್ತದೆ. ನಿಮ್ಮ ತಾಟಿಗೆ ಬಿಸಿ ರೊಟ್ಟಿಯೋ ಅನ್ನವೋ ಬಿದ್ದಾಗ, ಹಾಕಿದವರು ಉಂಡಿದ್ದಾರೆಯೆ ಎಂದು ಒಂದು ಮಾತು ಕೇಳಿ. ಇಲ್ಲವೆಂದರೆ ಮಗ್ಗುಲಲ್ಲಿ ಇನ್ನೊಂದು ತಾಟು ಇಡಿ.